ಸೌಟಿನ ಚಿತ್ರವಿಲ್ಲದ ಪದಕ

ನಮ್ಮ ಹಳಿಯಾಳದ ಕಾಕಾ ಮಿಲಿಟರಿ ಪದಕ ಪಡೆದದ್ದು ಶತ್ರುಗಳನ್ನು ಕೊಂದಲ್ಲ, ಉಳ್ಳಾಗಡ್ಡಿ ಹೆಚ್ಚಿ! ಸೈನ್ಯದಲ್ಲಿ ಅವರು ಅಡುಗೆಯವರು. ಹಿಮದ ಗುಡ್ಡದ ಕಾರ್ಯಾಚರಣೆಯಲ್ಲಿ ಅವರು ಹಾರಿಸಿದ ಗುಂಡು ಒಂದೂ ಇಲ್ಲ. ಹೊಡೆಸಿದ ಕುಕ್ಕರ್ ಸೀಟಿಗೆ ಮಾತ್ರ ಲೆಕ್ಕವಿಲ್ಲ.

ಮದುವೆಯಿರಲಿ, ಸಂತೆಯಿರಲಿ, ಪದಕ ಎದೆಯ ಮೇಲೆ ಇರಲೇಬೇಕು. ದಾಂಡೇಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಕೆಟ್ಟರು! ಒಂದು ಬದಿ ಸಿಂಹ, ಇನ್ನೊಂದು ಬದಿ ಹಿಮದ ಗುಡ್ಡ, ಅಂಚಿನ ಸುತ್ತ ಕೊರೆದ ನಂಬರು, ಹೆಸರು, ರಿಬ್ಬನ್ನಿನ ಬಿಳಿ ಪಟ್ಟೆ ಯಾಕೆ ಎಂಬುದನ್ನೆಲ್ಲ ಕೇಳಿಯೇ ಇಳಿಯಬೇಕು. ಒಬ್ಬ ಪುಣ್ಯಾತ್ಮ ನಡುದಾರಿಯಲ್ಲೇ ಇಳಿದು ನಡೆದುಹೋದನಂತೆ.

"ಎಲ್ಲಾ ಐತಿ, ಸೌಟಿನ ಚಿತ್ರ ಎಲ್ಲೈತ್ರಿ?" ಎಂದು ಅವರ ಹೆಂಡತಿ, ನಮ್ಮ ಕಾಕು, ಕೆಣಕುತ್ತಿದ್ದರು.

"ಶೌರ್ಯಕ್ಕ ಕೊಡೋ ಪದಕ ಬ್ಯಾರೆ. ಇದು ಅಲ್ಲಿ ಇದ್ದವರಿಗೆಲ್ಲಾ ಕೊಡೋದು. ಕರ್ನಲ್‌ಗೂ ಇದ, ಕಟಿಂಗ್ ಮಾಡಾವಗೂ ಇದ!"

"ಇದ್ದದ್ದಕ್ಕ ಕೊಡ್ತಾರೇನು? ನೀವು ಹಿಮದ ಗುಡ್ಡದಾಗಿದ್ದಾಗ, ಸೂಪಾದಾಗ ಡ್ಯಾಮಿನ ನೀರು ನಮ್ಮ ಹಳೇ ಮನಿ ಹೊಸ್ತಿಲಿಗೆ ಬಂತು. ಆವಾಗ ನಿಮ್ಮ ಅವ್ವನ್ನ, ಕೂಸುಗಳನ್ನ ಕಟ್ಟಿಕೊಂಡು ನಾ ಒಬ್ಬಾಕಿನ ಇದ್ದೆ. ನನ್ನ ಪದಕ ಎಲ್ಲೈತಿ?"

ಕಾಕಾ ಕೇಳಿಸದವರಂತೆ ರಿಬ್ಬನ್ ನೀವುತ್ತಿದ್ದರು.

ನಿಯಮದಲ್ಲಂತೂ ಭಾರಿ ಕಟ್ಟುನಿಟ್ಟು. ಪಡೆದವನು ಎಡ ಎದೆಗೆ ಹಾಕಬೇಕು. ಅವನು ತೀರಿಹೋದರೆ ಮನೆಯವರು ಬಲ ಎದೆಗೆ. ಒಮ್ಮೆ ಮೊಮ್ಮಗಳು ಆಟಕ್ಕೆ ಫ್ರಾಕಿಗೆ ಚುಚ್ಚಿಕೊಂಡಿದ್ದಕ್ಕೆ ಕೋರ್ಟ್ ಮಾರ್ಷಲ್ ನಡೆಸಿ, ಅವಳ ಪಾಲಿನ ಪೇಡೆಯನ್ನು ದಂಡವಾಗಿ ತಿಂದುಬಿಟ್ಟರು.

ಈ ಸಲ ಗಣರಾಜ್ಯೋತ್ಸವಕ್ಕೆ ಶಾಲೆಯವರು ಕಾಕಾ, ಕಾಕು ಇಬ್ಬರನ್ನೂ ಕರೆದಿದ್ದರು. ಕರೆದೊಯ್ಯಲು ಹೋದರೆ ಕಾಕಾನ ಎದೆ ಬೋಳು! ದೇವರ ಪಾತ್ರೆಗಳ ಜೊತೆ ಪದಕಕ್ಕೂ ಕಾಕು ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟರೇ ಎಂದು ನಾನು ಗಾಬರಿಯಾದೆ.

ಅಷ್ಟರಲ್ಲಿ ಇಳಕಲ್ ಸೀರೆ ಉಟ್ಟು ಕಾಕು ಹೊರಗೆ ಬಂದರು. ಪದಕ ಅವರ ಸೆರಗಿನ ಮೇಲಿತ್ತು. ಅದೂ ಎಡಕ್ಕೆ!

"ಕಾಕಾ, ನಿಮ್ಮ ನಿಯಮದಾಗ ಮನಿಯವರು ಬಲಕ್ಕ ಹಾಕಬೇಕಲ್ರಿ?" ಎಂದೆ.

"ಬಲಕ್ಕ ಹಾಕಾಕ ನಾ ಏನ್ ಸತ್ತೇನೇನಲೇ?" ಎಂದು ಗುಡುಗಿದರು. ಆಮೇಲೆ ಕಾಕುನ ಮುಂದೆ ನಿಂತು, ಸೊಟ್ಟಗಾಗಿದ್ದ ರಿಬ್ಬನ್ನನ್ನು ಮೆಲ್ಲಗೆ ನೆಟ್ಟಗೆ ಮಾಡಿದರು.

"ಎಡಕ್ಕ ಸರಿ ಐತಿ," ಎಂದರು. "ಸೂಪಾದಾಗ ನಾ ಇರಲಿಲ್ಲ. ಆಕಿ ಇದ್ದಳು."

ಕಾಕು ಅಂದು ಸೌಟಿನ ಸುದ್ದಿ ಎತ್ತಲಿಲ್ಲ. ಶಾಲೆಯವರೆಗೂ ಸೆರಗು ಜಾರದಂತೆ ಒಂದು ಕೈಯಲ್ಲಿ ಹಿಡಿದೇ ನಡೆದರು.