ಸುಮ್ಮನೆ ಕೂರುವ ಪಂದ್ಯ ಮತ್ತು ಒಂದು ಬಾಟಲಿ ರಂಜಕ

ನನ್ನನ್ನು ಯಾವುದರಲ್ಲಿ ಬೇಕಾದರೂ ಸೋಲಿಸಿ, ಕೆಲಸ ಮಾಡದೆ ಕೂರುವುದರಲ್ಲಿ ಮಾತ್ರ ಈ ಭೂಮಂಡಲದಲ್ಲಿ ಯಾರೂ ಸೋಲಿಸಲಾರರು! ಹೀಗೆಂದು ನವಲಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಅಲ್ಲ, ಮಲಗಿ, ನಾನು ಘೋಷಿಸಿದೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಕುಡಿದ ಚಹಾದ ಕಪ್ಪನ್ನು ನಾನೇ ಎತ್ತಿಟ್ಟ ದಾಖಲೆ ಇಲ್ಲ. ನನ್ನ ಬೀಜದ ಅಂಗಡಿಯಲ್ಲೂ ಅಷ್ಟೇ. ಚೀಲ ಎತ್ತುವವರು ಬೇರೆ, ತೂಗುವವರು ಬೇರೆ, ನಾನು ಕೂರುವವನು.

ಘೋಷಣೆಗೆ ಕಾರಣವಿತ್ತು. ಮುಂಗಾರಿನಲ್ಲಿ ಗೋವಿನಜೋಳದ ಬೀಜ ಚೆನ್ನಾಗಿ ಮಾರಿದ್ದಕ್ಕೆ ಬೀಜದ ಕಂಪನಿಯವರು ಪ್ರಸನ್ನರಾಗಿ, ನನಗೂ ಹೆಂಡತಿ ಸುನೀತಾಗೂ ಕೇರಳದ ಹಿನ್ನೀರಿನ ಮೇಲಿರುವ ದೊಡ್ಡ ಹೋಟೆಲಿನಲ್ಲಿ ಮೂರು ದಿನದ ವಾಸ ದಯಪಾಲಿಸಿದ್ದರು. ನೀರಿನ ದಂಡೆಗಲ್ಲ, ನೀರಿನ ಮೇಲೆಯೇ!

"ಮೂರು ದಿನ ಸುಮ್ನ ಕುಂದ್ರೂದು ನಿನ್ನ ಕೈಲೆ ಆಗೂದಿಲ್ಲ ಬಿಡು," ಎಂದೆ. "ಕೈ ತುರಸ್ತಾವು ನಿನಗ."

"ನಿಮ್ಮ ಕೈಲೆ ಆಗ್ತೈತೇನ್ರಿ?"

"ನನಗ? ನಾ ಹುಟ್ಟಿದ್ದ ಅದಕ್ಕ!"

"ಹಂಗಾರ ಪಂದ್ಯಾ ಕಟ್ರಿ. ಅಲ್ಲಿಗೆ ಹೋದ ಮ್ಯಾಲೆ ಯಾರು ಮೊದ್ಲು ಕೆಲಸಕ್ಕ ಕೈ ಹಚ್ಚತಾರೋ, ಅವರ ಈ ಸಲ ಹಾಸಿಗಿ ಒಗೀಬೇಕು."

ನಮ್ಮ ಕಡೆ ಮಹಾನವಮಿಗೆ ಮೊದಲು ಮನೆಯ ಹಾಸಿಗೆ, ಹೊದಿಕೆಯೆಲ್ಲ ಹಳ್ಳಕ್ಕೆ ಹೋಗಿ ಒಗೆದು ಬರಲೇಬೇಕು. ನಮ್ಮ ಮನೆಯಲ್ಲಿರುವುದು ಹನ್ನೊಂದು ಕೌದಿ. ಹಳೆಯ ಸೀರೆ, ಧೋತರ ಪದರ ಪದರವಾಗಿ ಹೊಲಿದ ಆ ಕೌದಿಗಳು ಒಣಗಿದ್ದಾಗಲೇ ಭಾರ, ನೆನೆದರೆ ದೇವರೇ ಗತಿ. ಪ್ರತಿವರ್ಷ ಸುನೀತಾ ಒಗೆಯುತ್ತಾಳೆ, ಆಮೇಲೆ ನಾಲ್ಕು ದಿನ ಸೊಂಟ ಹಿಡಿದುಕೊಂಡು ನಡೆಯುತ್ತಾಳೆ. ನಾನು ಕಿಂಚಿತ್ತೂ ಯೋಚಿಸದೆ ಒಪ್ಪಿದೆ. ಲಿಂಗಪೂಜೆ, ಸ್ನಾನ, ಊಟ ಕೆಲಸದಲ್ಲಿ ಸೇರುವುದಿಲ್ಲವೆಂದು ತೀರ್ಮಾನವಾಯಿತು. ನಮ್ಮ ಜೊತೆಗೇ ಹೊರಟಿದ್ದ ಮಿಶ್ರಿಕೋಟಿಯ ಬೀಜದ ವ್ಯಾಪಾರಿ ಕಾಶಿನಾಥನನ್ನು ಸಾಕ್ಷಿ ಮಾಡಿಕೊಂಡೆವು.

ಹುಮ್ಮಸ್ಸಿನಲ್ಲಿ ಇನ್ನೊಂದು ಆಜ್ಞೆಯನ್ನೂ ಹೊರಡಿಸಿದೆ. "ರೊಟ್ಟಿ, ಚಟ್ನಿ, ರಂಜಕ ಒಂದೂ ಒಯ್ಯೂದಿಲ್ಲ! ಅಂಥಾ ಹೋಟೆಲಿನ್ಯಾಗ ಗಂಟು ಬಿಚ್ಚಿ ಕುಂತ್ರ ಮರ್ಯಾದಿ ಏನ್ ಉಳೀತೈತಿ?"

"ಹೌದ್ರಿ," ಎಂದಳು ಸುನೀತಾ, ಅಗದಿ ಸಾಧುವಾಗಿ.

ಓದುಗರ ಮುಂದೆ ಮುಚ್ಚಿಡುವುದೇನು? ಹೊರಡುವ ಮುನ್ನ ನಾನೇ ಹತ್ತು ಖಡಕ್ ರೊಟ್ಟಿ, ಅಡುಗೆಮನೆಯಲ್ಲಿದ್ದ ರಂಜಕದ ಬಾಟಲಿಯನ್ನು ಧೋತರದಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಸೇರಿಸಿದೆ. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಲಿಂಬೆಹುಳಿ ಹಿಂಡಿದ ಆ ಖಾರವಿಲ್ಲದಿದ್ದರೆ ನನ್ನ ನಾಲಿಗೆಗೆ ಬೆಳಗಾಗುವುದಿಲ್ಲ.

ಹೋಟೆಲನ್ನು ನೀವು ನೋಡಬೇಕಿತ್ತು! ನೀರಿನಲ್ಲಿ ಕಂಬ ನೆಟ್ಟು, ಕಂಬದ ಮೇಲೆ ಅರಮನೆಯಂಥ ಕೋಣೆ, ಅವರ ಭಾಷೆಯಲ್ಲಿ ಸೂಟು. ನೆಲದಲ್ಲಿ ಗಾಜು, ಗಾಜಿನ ಕೆಳಗೆ ಮೀನು! ಹೊರಗೆ ಮರದ ಕಟ್ಟೆ, ಕಟ್ಟೆಯಿಂದ ನೀರಿಗಿಳಿಯಲು ಏಣಿ. ಮಂಚದ ಮೇಲೆ ಎರಡು ಟವೆಲ್ಲಿನ ಹಂಸ, ಹಂಸಗಳ ಕೆಳಗೆ ಒಂದು ಮೊಳ ದಪ್ಪದ ರಜಾಯಿ. ಕೂರಲು ಹೆದರಿಕೆಯಾಗುವಷ್ಟು ಬೆಳ್ಳಗಿತ್ತು. ಬಾಗಿಲ ಬಳಿ ತುಟಿಯ ಮೇಲೆ ಬೆರಳಿಟ್ಟ ಹೆಣ್ಣಿನ ಚಿತ್ರ. ಇಲ್ಲಿ ಯಾರೂ ಗದ್ದಲ ಮಾಡಬಾರದಂತೆ.

"ಅಯ್ಯ ಶಿವನ, ಎಷ್ಟ ನೀರು!" ಎಂದು ಸುನೀತಾ ಕಟ್ಟೆಯ ಮೇಲೆ ನಿಂತುಬಿಟ್ಟಳು. "ಏನರ ಒಗದ್ರ ಎಷ್ಟ ಛಂದ ಆಗ್ತಿತ್ತು!"

ನಾನು ಮನಸ್ಸಿನಲ್ಲೇ ಕುಣಿದೆ. ಇವಳು ಸಂಜೆಯೊಳಗೆ ಸೋಲುತ್ತಾಳೆ!

ಚಹಾ ಬಂತು. ಕುಡಿದಾದ ಮೇಲೆ ಅವಳ ಕೈ ಅಭ್ಯಾಸಬಲದಿಂದ ಕಪ್ಪಿನತ್ತ ಹೊರಟಿತು. ನಾನು ಉಸಿರು ಬಿಗಿಹಿಡಿದೆ. ಅರ್ಧದಾರಿಯಲ್ಲಿ ಎಚ್ಚರಗೊಂಡು, ಆ ಕೈಯನ್ನು ತನ್ನ ತೊಡೆಯ ಕೆಳಗಿಟ್ಟುಕೊಂಡು ಕೂತಳು! ನಾನು ರೈಲಿನಲ್ಲಿ ಕೊಂಡಿದ್ದ ಶೇಂಗಾ ತಿಂದು ಸಿಪ್ಪೆಯನ್ನು ಆ ಗಾಜಿನ ಮೇಲೆಲ್ಲ ಚೆಲ್ಲಿದೆ. ನಮ್ಮ ಮನೆಯಲ್ಲಾಗಿದ್ದರೆ ಮೊದಲ ಸಿಪ್ಪೆ ಬೀಳುವ ಮುಂಚೆಯೇ ಕಸಬರಿಗೆ ಬರುತ್ತಿತ್ತು. ಇಲ್ಲಿ ಅವಳು ಸಿಪ್ಪೆಯ ಸಂದಿಯಿಂದಲೇ ಮೀನು ನೋಡುತ್ತ, "ಆ ನೀಲಿ ಮೀನಾ ಎಷ್ಟ ಛಲೋ ಐತಿ ನೋಡ್ರಿ," ಎಂದಳು. ಹೋಟೆಲಿನವನು ಬಂದು ಗುಡಿಸಿ, ನನಗೇ ಸಲಾಮು ಹೊಡೆದು ಹೋದ.

ಎರಡನೇ ದಿನಕ್ಕೆ ಅವಳು ಕೈಮೀರಿ ಹೋಗಿದ್ದಳು. ನೀರಿನ ಮೇಲೆ ಕಟ್ಟಿದ್ದ ಬಲೆಯ ತೂಗುಹಾಸಿಗೆಯಲ್ಲಿ ಮಲಗಿ, ಕರಿಕನ್ನಡಕ ಹಾಕಿ, ಎಳನೀರು ಹೀರುತ್ತಿದ್ದಳು! ಊರಲ್ಲಿ ನಲ್ಲಿ ಬಂದರೆ ಕೊಡ ಹಿಡಿದು ಓಡುತ್ತಿದ್ದವಳು ಇಲ್ಲಿ ದಿನಕ್ಕೆ ಮೂರು ಸಲ ನೊರೆಯ ತೊಟ್ಟಿಯಲ್ಲಿ ಮುಳುಗಿ ಏಳುತ್ತಿದ್ದಳು. ನನಗೋ ತಲೆ ಚಿಟ್ಟುಹಿಡಿಯಿತು. ಸುಮ್ಮನೆ ಕೂರುವುದರಲ್ಲಿ ಮಜಾ ಬರಬೇಕಾದರೆ ಎದುರಿಗೆ ಯಾರಾದರೂ ಕೆಲಸ ಮಾಡುತ್ತಿರಬೇಕು! ಇಬ್ಬರೂ ಕೂತರೆ ಅದು ಬರೀ ಬೇಜಾರು.

ಊಟವಂತೂ ಕೇಳಬೇಡಿ. ಬೆಳ್ಳಗಿನ ತಟ್ಟೆಯಲ್ಲಿ ಬೆಳ್ಳಗಿನ ಸಾರು, ಅದರ ಮೇಲೆ ಒಂದು ಎಲೆ. ಖಾರ ಕೇಳಿದರೆ ಮೆಣಸಿನಪುಡಿಯ ಪುಟ್ಟ ಬುಡ್ಡಿ ತಂದಿಟ್ಟರು, ಅದೂ ಕರಿಮೆಣಸು.

ಮಧ್ಯಾಹ್ನ ಸುನೀತಾ ಎರಡನೇ ಸ್ನಾನಕ್ಕೆ ಹೋದಳು. ಅವಳ ಸ್ನಾನವೆಂದರೆ ಒಂದು ತಾಸು. ನಾನು ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಧೋತರ ಬಿಚ್ಚಿ, ರೊಟ್ಟಿ ಹೊರಗೆ ತೆಗೆದೆ. ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ತಿರುವಿದೆ. ಹಲ್ಲು ಕಚ್ಚಿ ತಿರುವಿದೆ. ಮೂರು ದಿನದ ಸೆಕೆಯಲ್ಲಿ ಹುಳಿ ಬಂದು ಉಬ್ಬಿದ್ದ ರಂಜಕ ಅದಕ್ಕೇ ಕಾಯುತ್ತಿತ್ತೇನೋ. ಢಪ್! ಅರ್ಧ ಬಾಟಲಿ ಮೇಲೆ ಹಾರಿತು. ಬೆಳಿಗ್ಗೆ ಹೊಸದಾಗಿ ಮಡಚಿಟ್ಟಿದ್ದ ಎರಡೂ ಹಂಸ ಕೆಂಪಾದವು. ರಜಾಯಿಯ ನಟ್ಟನಡುವೆ ಹಿಟ್ಟು ನಾದುವ ಪರಾತದಗಲ ಕೆಂಪು ಕಲೆ!

ಕಣ್ಣುರಿಯಲ್ಲೂ ಬುದ್ಧಿ ಓಡಿತು. ಸುನೀತಾ ನೋಡಿದರೆ ರೊಟ್ಟಿಯ ಆಜ್ಞೆ ಮುರಿದದ್ದು ಬಯಲಾಗುತ್ತದೆ. ಹೋಟೆಲಿನವನು ನೋಡಿದರೆ ಇಡೀ ನವಲಗುಂದ ತಾಲೂಕಿನ ಮಾನ ಹೋಗುತ್ತದೆ. ಬಚ್ಚಲಿನಲ್ಲಿ ಅವಳಿದ್ದಾಳೆ. ಉಳಿದದ್ದು ಒಂದೇ ಕಡೆಯ ನೀರು. ಹಂಸಗಳನ್ನು ಮಂಚದ ಕೆಳಗೆ ತಳ್ಳಿ, ರಜಾಯಿಯನ್ನು ಎಳೆದುಕೊಂಡು, ಹೋಟೆಲಿನವರು ಕೊಟ್ಟಿದ್ದ ಬೆರಳುದ್ದದ ಸಾಬೂನು ಹಿಡಿದು ಏಣಿ ಇಳಿದೆ. ಅದು ಕೆಲಸ, ನಾನು ಪಂದ್ಯದಲ್ಲಿದ್ದೇನೆ ಎಂಬುದು ಆ ಗಾಬರಿಯಲ್ಲಿ ತಲೆಗೇ ಹೊಳೆಯಲಿಲ್ಲ!

ಉಪ್ಪುನೀರು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರಲೊಲ್ಲದು. ಹಳ್ಳದಲ್ಲಿ ಹೆಂಗಸರು ಕಲ್ಲಿಗೆ ಬಡಿಯುವುದನ್ನು ನೆನೆದು, ರಜಾಯಿಯ ಒಂದು ತುದಿಯನ್ನು ಎತ್ತಿ ಎತ್ತಿ ಕಟ್ಟೆಗೆ ಬಡಿದೆ. ಧಪ್! ಧಪ್! ಸೂಟೇ ಅಲುಗಾಡಿತು. ಬಾಜೂ ಸೂಟಿನಿಂದ ಕಾಶಿನಾಥ ಭೂಕಂಪವೆಂದು ಹೊರಗೋಡಿ ಬಂದ. ಅಷ್ಟರಲ್ಲಿ ರಜಾಯಿ ನೀರು ಕುಡಿದು ನಾಲ್ಕು ಗೊಬ್ಬರದ ಚೀಲದಷ್ಟು ಭಾರವಾಗಿ ಹಿಂದಕ್ಕೆ ಎಳೆಯತೊಡಗಿತು. ಬಿಟ್ಟರೆ ರಜಾಯಿ ಹೋಗುತ್ತದೆ, ಹಿಡಿದರೆ ನಾನು ಹೋಗುತ್ತೇನೆ!

ಬಿಳಿಯ ನಿಲುವಂಗಿಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಸುನೀತಾ ಕಟ್ಟೆಗೆ ಬಂದಳು.

"ಏನ್ ಮಾಡಾಕತ್ತೀರಿ?"

"ಈಸಾಕತ್ತೀನಿ!"

"ರಜಾಯಿ ಕರಕೊಂಡ?"

"ಮಾತಾಡಬ್ಯಾಡ ಲೇ! ಒಂದ ತುದಿ ಹಿಡಿ, ಕೈ ಸೋತು ಬಂದ್ವು!"

ಅವಳು ಪಾಪ, ಬಗ್ಗಿ ಕೈ ಚಾಚಿದಳು. ಚಾಚಿದವಳು ನನ್ನ ಕೈಯಲ್ಲಿದ್ದ ಸಾಬೂನು ನೋಡಿದಳು. ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡು ಕುರ್ಚಿಯ ಮೇಲೆ ಕೂತಳು.

"ಹಿಡಿದ್ರ ಕೆಲಸ ಆಗ್ತೈತ್ರಿ. ಕಾಶಿನಾಥಣ್ಣಾ, ನೋಡಿರಲ್ಲ? ಯಜಮಾನ್ರು ಒಗ್ಯಾಕತ್ತಾರ."

"ನೋಡೀನ್ರಿ ವೈನಿ," ಎಂದ ಕಾಶಿನಾಥ. "ವಿಡಿಯೋನೂ ಮಾಡೀನಿ."

ಅಷ್ಟರಲ್ಲಿ ದೂರದಲ್ಲಿ ಸೀಟಿ ಕೇಳಿಸಿತು. ಯಾರೋ ಮುಳುಗುತ್ತಿದ್ದಾರೆಂದು ಹೋಟೆಲಿನ ದೋಣಿ ಹಾರಿಬಂತು. ಗದ್ದಲ ಮಾಡಬಾರದ ಜಾಗದಲ್ಲಿ ಆರು ಜನ ಆರು ಭಾಷೆಯಲ್ಲಿ ಕೂಗಿದರು. ನನ್ನ ಕೊರಳಿಗೆ ಕೆಂಪು ಟ್ಯೂಬು ಬಿತ್ತು. ಮೊದಲು ನನ್ನನ್ನು ಎಳೆದರು, ಆಮೇಲೆ ರಜಾಯಿಯನ್ನು. ರಜಾಯಿಗೆ ಹೆಚ್ಚು ಜನ ಬೇಕಾಯಿತು.

ಮ್ಯಾನೇಜರು ಕಲೆಯನ್ನು ಮುಟ್ಟಿದ, ಬೆರಳನ್ನು ಮೂಸಿದ, ಮೂರು ಸಲ ಸೀನಿದ. ಕೊನೆಗೆ ಬಹಳ ವಿನಯದಿಂದ, ಇದು ಇನ್ನು ಯಾರಿಗೂ ಹೊದೆಯಲು ಬರುವುದಿಲ್ಲ, ನೆನಪಿಗೆ ತಾವೇ ತೆಗೆದುಕೊಂಡು ಹೋಗಿ ಎಂದ. ನಾವು ಊರು ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಬೀಜ ಕೇಳಲು ಬಂದ ರೈತರೆಲ್ಲ ಮೊದಲು ನನ್ನ ಕೈ ನೋಡಿ ನಗುತ್ತಿದ್ದರು.

ಮುಂದಿನ ಸೋಮವಾರ ಯಮನೂರಿನ ಬಳಿ ಬೆಣ್ಣಿಹಳ್ಳದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಾನು ನಿಂತಿದ್ದೆ. ಹನ್ನೊಂದು ಕೌದಿ, ಮೇಲೆ ಹೋಟೆಲಿನ ರಜಾಯಿ, ಒಟ್ಟು ಹನ್ನೆರಡು. ದಂಡೆಯ ಜಾಲಿಗಿಡದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಅದೇ ಕರಿಕನ್ನಡಕದಲ್ಲಿ, ಸುನೀತಾ ಮಜ್ಜಿಗೆ ಕುಡಿಯುತ್ತಿದ್ದಳು. ನಮ್ಮ ಓಣಿಯ ರೇಷ್ಮಾಬಿ ತನ್ನ ಎರಡು ಕೌದಿ ತಂದು ನನ್ನ ಗುಡ್ಡೆಯ ಮೇಲಿಟ್ಟು, "ಅಣ್ಣಾರು ಭಾಳ ಛಲೋ ಒಗೀತಾರಂತ, ವಿಡಿಯೋದಾಗ ನೋಡಿದ್ನಿ," ಎಂದು ಸುನೀತಾಳ ಬಾಜೂ ಕೂತಳು. ಹದಿನಾಲ್ಕು!

ಐದನೇ ಕೌದಿಗೆ ಸೊಂಟ ಕಳಕ್ಕೆಂದಿತು. ಇಪ್ಪತ್ತಾರು ವರ್ಷ ಇದನ್ನು ಇವಳೊಬ್ಬಳೇ ಮಾಡಿದಳಲ್ಲ ಎಂದು ಮೊದಲ ಸಲ ನಾಚಿಕೆಯಾಯಿತು. ಆದರೆ ಸೋತವನಿಗೆ ಸಿಟ್ಟು ತೋಡಿಕೊಳ್ಳಲು ಏನಾದರೂ ಬೇಕಲ್ಲ!

"ಎಲ್ಲಾ ಆ ಸುಡುಗಾಡು ಬಾಟ್ಲಿ ಮುಚ್ಚಳದ್ದ ತಪ್ಪು!" ಎಂದೆ. "ನಾ ಇಟ್ಟಾಗ ಬಾಟ್ಲಿ ಅರ್ಧಾ ಇತ್ತು, ಮುಚ್ಚಳಾನೂ ಸಡಲ ಇತ್ತು."

"ಹೌದ್ರಿ, ಧೋತರದಾಗ ಸುತ್ತಿದ್ದು ನಾ ನೋಡಿದ್ನಿ," ಎಂದಳು ಸುನೀತಾ. "ಅರ್ಧಾ ಬಾಟ್ಲಿ ನಿಮಗ ಎಲ್ಲಿ ಸಾಲ್ತೈತಿ ಅಂತ ನಾನ ಗಂಟಲಮಟ ತುಂಬಿ ಮುಚ್ಚಿ ಇಟ್ನಿ. ಅದು ಮನ್ಯಾಗ ಮಾಡಿದ್ದು, ಪಂದ್ಯಾದಾಗ ಬರೂದಿಲ್ಲ."

ಕೈಯಲ್ಲಿದ್ದ ಕೌದಿ ನೀರಿಗೆ ಜಾರಿತು.

"ಅಲ್ಲ, ತುಂಬಿದ್ದು ತುಂಬಿದಿ. ಅಷ್ಟ ಬಿಗಿ ಯಾಕ ಮುಚ್ಚಿದಿ?"

ಸುನೀತಾ ಮಜ್ಜಿಗೆಯ ಕೊನೆಯ ಗುಟುಕು ಕುಡಿದು ಕನ್ನಡಕ ಸರಿಮಾಡಿಕೊಂಡಳು.

"ಸೋರಿ ನಿಮ್ಮ ಧೋತರ ಹೊಲಸಾಗಿದ್ರ, ಯಾರು ಒಗೀಬೇಕಿತ್ರಿ?"