ಅರ್ಜಿಯ ಹಿಂಬದಿ

"ಮೆಷಿನ್ ಬಿಚ್ಚೋ ಕೈಗೆ ಒಂದು ಕಾಗದ ಗೀಚೋದು ಯಾವ ಮಹಾ ಕೆಲಸ?" ಎಂದು ತೋಳೇರಿಸಿ ಪೆನ್ನು ಹಿಡಿದೇ ಬಿಟ್ಟರು ಮೆಕ್ಯಾನಿಕ್ ಸಾಹೇಬರು!

ಬಟ್ಟೆ ಕಾರ್ಖಾನೆಗಳಲ್ಲಿ ಹೊಲಿಗೆ ಮೆಷಿನ್ ರಿಪೇರಿ ಅವರ ಕಸುಬು. ಹಳೆಯ ಮ್ಯಾನೇಜರನಿಗೆ ಏರುದನಿಯಲ್ಲಿ ಬುದ್ಧಿ ಹೇಳಿದ ತಪ್ಪಿಗೆ ಮೂರು ತಿಂಗಳಿಂದ ಮನೆಯಲ್ಲೇ ಠಿಕಾಣಿ. ಈಗ ಹೊಸ ಕಾರ್ಖಾನೆಯವರು ಅರ್ಜಿಯ ಜೊತೆ ಒಂದು ಪುಟದ ಪತ್ರ ಕೇಳಿದ್ದರು: ನಿಮ್ಮನ್ನೇ ಏಕೆ ತೆಗೆದುಕೊಳ್ಳಬೇಕು?

"ಏಕೆ ಅಂದ್ರೆ? ಇಪ್ಪತ್ತೆರಡು ವರ್ಷ ಗ್ರೀಸಲ್ಲಿ ಅದ್ದಿದ ಕೈ ಕಣೇ ಇದು!"

"ಅದನ್ನೇ ಸ್ವಲ್ಪ ತಣ್ಣಗೆ ಬರೀರಿ," ಎಂದರು ಹೆಂಡತಿ.

"ನಾನೇನು ಬಿಸಿಯಾಗಿದೀನಾ?" ಸಾಹೇಬರು ಕೂಗಿದ ರಭಸಕ್ಕೆ ಪಕ್ಕದ ಮನೆಯ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು.

ಏಳು ಹಾಳೆ ಹರಿದವು. ಎಂಟನೆಯದರಲ್ಲಿ ಪತ್ರ ಅವತರಿಸಿತು: ‘ನನಗೆ ಕೋಪವೆಂಬುದೇ ಇಲ್ಲ. ಇದೆ ಎಂದು ಹೇಳುವವನನ್ನು ನನ್ನ ಹತ್ತಿರ ಕಳಿಸಿ, ವಿಚಾರಿಸಿಕೊಳ್ಳುತ್ತೇನೆ!’

"ಒಂದಕ್ಷರ ಬದಲಾಯಿಸಿದ್ರೆ ನೋಡು!" ಎಂದು ಗದರಿ, ಅಂಚೆಗೆ ಹಾಕಲು ಹೆಂಡತಿಯ ಕೈಗಿತ್ತರು.

ವಾರದೊಳಗೆ ಸಂದರ್ಶನಕ್ಕೆ ಕರೆ ಬಂತು! ಸಾಹೇಬರು ಬೀಗಿದ್ದೇ ಬೀಗಿದ್ದು.

"ಹೇಗಿದೆ ನನ್ನ ಬರವಣಿಗೆ?"

"ಹೋಗಿ ಬನ್ನಿ," ಎಂದಷ್ಟೇ ಅಂದರು ಹೆಂಡತಿ.

ಕಾರ್ಖಾನೆಯ ಮೇಡಂ ಪತ್ರವನ್ನು ತಿರುವಿ ಮುಂದೆ ಸರಿಸಿದರು. "ಹಿಂದುಗಡೆ ಬರೆದಿರೋದು ಯಾರು?"

ಕಸೂತಿಯಂಥ ಅಕ್ಷರ. ಹೆಂಡತಿಯದೇ!

‘ಈ ಹಾಳೆಯ ಮುಂಬದಿಯಲ್ಲಿ ನಾನು ಒಂದಕ್ಷರವನ್ನೂ ಬದಲಾಯಿಸಿಲ್ಲ. ಇವರಿಗೆ ಕೋಪ ಬಹಳ. ಆದರೆ ಮೆಷಿನ್ ಮುಂದೆ ಕೂತರೆ ಉಸಿರಾಡುವುದೂ ಕೇಳಿಸುವುದಿಲ್ಲ. ಕೆಲಸ ಹೋದಾಗಿನಿಂದ ನನ್ನ ಹೊಲಿಗೆ ಮೆಷಿನನ್ನೇ ದಿನಾ ಬಿಚ್ಚಿ ಜೋಡಿಸುತ್ತಿದ್ದಾರೆ. ಜನ ಹೊಲಿಯಲು ಕೊಟ್ಟ ಬಟ್ಟೆಗಳು ಕಟ್ಟಿದ ಗಂಟಿನಲ್ಲೇ ಇವೆ. ಮೊನ್ನೆ ಜೋಡಿಸಿದ ಮೇಲೆ ಎರಡು ಸ್ಕ್ರೂ ಮಿಕ್ಕಿದ್ದವು. ಈ ಕೈಯಲ್ಲಿ ಹಾಗೆ ಎಂದೂ ಆದದ್ದಿಲ್ಲ. ಒಳಗೊಳಗೇ ಕೊರಗುತ್ತಿದ್ದಾರೆ. ಸ್ಕ್ರೂ ವಿಷಯ ಅವರಿಗೆ ಹೇಳಿಲ್ಲ. ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ.’

‘ನನಗೆ ಹೇಳೋದಲ್ವಾ!’ ಎಂದು ಗುಡುಗಲು ಸಾಹೇಬರ ಬಾಯಿ ತೆರೆಯಿತು. ಯಾಕೆ ಹೇಳಲಿಲ್ಲವೆಂದು ಅಷ್ಟರಲ್ಲೇ ಹೊಳೆಯಿತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಮೇಡಂ ಪತ್ರ ಮಡಚಿದರು. "ಸೋಮವಾರದಿಂದ ಬನ್ನಿ. ಇವತ್ತು ಮನೆಗೆ ಹೋಗಿ ಆ ಎರಡು ಸ್ಕ್ರೂ ಹಾಕಿಬಿಡಿ. ಹಾಂ, ಡಬ್ಬಿ ಎಲ್ಲಿದೆ ಅಂತ ಕೂಗದೆ ಕೇಳಿ!"