ಕರೆಂಟ್ ಹೋದಾಗ ಕೇಳುವ ಕಿವಿ

ವೈರ್‌ಲೆಸ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಫಜೀತಿಗಳಿಗೇನೂ ಬರವಿಲ್ಲ. ಆದರೆ ಹೈದರಾಬಾದಿನ ಆ ಒಂದು ರಿಸೀವರ್ ನೆನೆದರೆ ನನಗೆ ಮೊದಲು ನಗು, ಆಮೇಲೆ ಸಂಕಟ.

ಚುರುಕು ಕಿವಿ

ಊರಲ್ಲಿ ಸಾಫ್ಟ್‌ವೇರ್ ಕಂಪನಿಗಳು ಹೆಚ್ಚಿ, ಟ್ಯಾಕ್ಸಿಗಳಿಗೆ ಬಿಡುವೇ ಇಲ್ಲದ ಕಾಲ. ಒಂದು ಟ್ಯಾಕ್ಸಿ ಕಂಪನಿಯ ಗುತ್ತಿಗೆ ನಂಬಿಕೊಂಡೇ ನಮ್ಮ ಅಂಗಡಿ ನಡೆಯುತ್ತಿತ್ತು. ಅವರ ಡ್ರೈವರುಗಳ ಮಾತು ಹಿಡಿದು ದೂರಕ್ಕೆ ಮುಟ್ಟಿಸುವ ರಿಪೀಟರನ್ನು ಮೆಹದಿಪಟ್ಟಣಂನ ಎತ್ತರದ ತಾರಸಿಯೊಂದರಲ್ಲಿ ಇಟ್ಟಿದ್ದೆವು. ಅದರ ಹಳೇ ರಿಸೀವರಿಗೆ ದೂರದ ಮಾತು ತುಸು ಮಂದವಾಗಿ ಕೇಳುತ್ತಿತ್ತು.

ರಾಯಚೂರು ಕಡೆಯ ನಮ್ಮ ಅಂಗಡಿ ಯಜಮಾನರು ಪಿಸುಮಾತನ್ನೂ ಬಿಡದ ಹೊಸದೊಂದನ್ನು ತಂದರು.

"ಆ ತಾರಸಿ ತುಂಬ ಪೇಜರು, ಮೊಬೈಲಿನವರ ಆಂಟೆನಾ ಸಾರ್. ಇಷ್ಟು ಚುರುಕು ಕಿವಿ ಆ ಗದ್ದಲಕ್ಕೆ ಕಂಗಾಲಾಗುತ್ತೆ" ಎಂದೆ.

"ಪಿಸುಗುಟ್ಟಿದ್ದೆಲ್ಲಾ ನನಗೂ ಕೇಳತೈತಿ. ನಾ ಏನು ಕಂಗಾಲಾಗೀನೇನು?"

ಅಂಗಡಿಯ ಹಿಂದೆಯೇ ಅವರ ಮನೆ. ಒಳಗಿಂದ ಹೆಂಡತಿಯ ದನಿ ಬಂತು: "ಚಾಪುಡಿ ತರ್ರಿ ಅಂತ ಮುಂಜಾನಿಂದ ಒದರಾಕತ್ತೀನಿ. ಅದ್ಯಾಕ ಕೇಳಿಲ್ರಿ?"

ಪರೀಕ್ಷೆ

ಹೊಸದನ್ನು ಕೂರಿಸಿದ ದಿನ ಟ್ಯಾಕ್ಸಿ ಕಂಪನಿಯ ಮ್ಯಾನೇಜರ್ ತಾರಸಿಗೆ ಬಂದರು. ಬೀದರಿನವರು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಕಟ್ಟಡದ ಜನರೇಟರ್ ಬೇರೆ ಕೆಟ್ಟಿತ್ತು. ಅಕ್ಕಪಕ್ಕದ ಯಂತ್ರಗಳೆಲ್ಲ ಬಂದ್. ನಮ್ಮದೊಂದೇ ಬ್ಯಾಟರಿ ಮೇಲೆ ಓಡುತ್ತಿತ್ತು. ಊರಿನ ಆಚೆ ತುದಿಯ ತಾರ್ನಾಕದಲ್ಲಿ ಡ್ರೈವರ್ ಕೆಮ್ಮಿದ್ದೂ ಕೇಳಿಸಿತು.

"ಶಾಭಾಸ್ ಸಾಹೇಬ್ರ!" ಎಂದು ಮ್ಯಾನೇಜರ್ ಕೈಕುಲುಕಿ ಹೋದರು. ಯಜಮಾನರು ನನ್ನತ್ತ ನೋಡಿ ಮೀಸೆ ತಿರುವಿದರು.

ಕರೆಂಟ್ ಬಂತು. ಪಕ್ಕದವರ ಅಬ್ಬರ ಶುರುವಾಯಿತು. ನಮ್ಮ ಚುರುಕು ಕಿವಿ ಗಪ್‌ಚುಪ್.

ಆಮೇಲೆ ಡ್ರೈವರುಗಳು ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿ ಕೇಳತೊಡಗಿದರು: "ಸಾಬ್, ಇವತ್ತು ಕರೆಂಟ್ ಯಾವಾಗ ಹೋಗತೈತ್ರಿ? ಆಫೀಸಿನ ಕೂಡ ಮಾತಾಡೋದೈತಿ."

ಉಪ್ಪಿನಕಾಯಿ ಭರಣಿ

ಹಳೇ ರಿಸೀವರ್ ಅಷ್ಟರಲ್ಲಿ ಯಜಮಾನರ ಅಡುಗೆಮನೆ ಸೇರಿ, ಉಪ್ಪಿನಕಾಯಿ ಭರಣಿಗೆ ಮಣೆಯಾಗಿತ್ತು. ಅದನ್ನು ವಾಪಸು ತರಲು ಅವರಿಗೆ ಮನಸ್ಸೊಪ್ಪದು. ಇವತ್ತು ನಾಳೆ ಎನ್ನುತ್ತ ದಿನ ದೂಡಿದರು. ಅತ್ತ ಟ್ಯಾಕ್ಸಿಗಾಗಿ ಕಾದವರು ಮ್ಯಾನೇಜರಿಗೆ ಬಯ್ದರು, ಮ್ಯಾನೇಜರ್ ನಮಗೆ ಬಯ್ದರು.

ಕೊನೆಗೊಂದು ದಿನ ಯಜಮಾನರು ತಾವೇ ಭರಣಿ ಇಳಿಸಿ, ಎಣ್ಣೆ ಒರೆಸಿ, ರಿಸೀವರನ್ನು ತಾರಸಿಗೆ ಹೊತ್ತು ತಂದರು. ಜೋಡಿಸಿದೆವು. ಸುತ್ತ ಅಷ್ಟೂ ಯಂತ್ರಗಳು ಅಬ್ಬರಿಸುತ್ತಿದ್ದವು.

"ಮ್ಯಾನೇಜರ್ ಸಾಹೇಬ್ರ, ಏನರೆ ಮಾತಾಡ್ರಿ" ಎಂದು ಯಜಮಾನರು ವೈರ್‌ಲೆಸ್ ಸೆಟ್‌ನಲ್ಲಿ ಕೇಳಿಕೊಂಡರು.

ಒಂದಿಷ್ಟೂ ಕರಕರ ಇಲ್ಲದೆ ಆಫೀಸಿನಿಂದ ಅವರ ಉತ್ತರ ಬಂತು: "ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಡ್ರೈವರಿಗೆಲ್ಲಾ ಮೊಬೈಲ್ ಕೊಡಿಸೀವಿ. ನಾಳಿಂದ ನಿಮ್ಮ ಸೆಟ್ ಬ್ಯಾಡ."

ಹಳೆಯದನ್ನು ಮೊದಲೇ ತಂದಿದ್ದರೆ ಗುತ್ತಿಗೆ ಉಳಿಯುತ್ತಿತ್ತು. ಯಜಮಾನರು ರಿಸೀವರಿನ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಕೇಳಿದೇನಪಾ? ಒಂದಕ್ಷರನೂ ತಪ್ಪಲಿಲ್ಲ ನೋಡು."